ಬಾಗಿಲಲ್ಲಿ ಹೇಳಿದ ಒಡಪು

ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾವು ಬಾಡಿಗೆಗಿದ್ದ ಮನೆಗೆ ಒಂದೇ ಬಾಗಿಲು. ಮನೆ ಹಿಡಿಯುವಾಗ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ನಮ್ಮ ಮನೆಯವರ ಕಣ್ಣಿಗೆ ಬಿದ್ದದ್ದು ಬೇರೆ. "ಡ್ಯೂಟಿಗೆ ನಡಕೊಂತ ಹೋಗಬಹುದು, ಸೈಕಲ್ಲೂ ಬ್ಯಾಡ" ಎಂದರು. ಅವರು ಆ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದರು. ಪಾರಿವಾಳದ ಗೂಡಿನಂಥ ಕೋಣೆಯಲ್ಲಿ ಕುಳಿತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಬಿಡುತ್ತದೆ ಎಂದು ಮೈಕಿನಲ್ಲಿ ಹೇಳುವ ಕೆಲಸ. ನಾನು ಪ್ರಾಥಮಿಕ ಶಾಲೆಯ ಟೀಚರು, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು. ಸಂಜೆ ನಾನು ರೊಟ್ಟಿ ಬಡಿಯುವಾಗ ಅವರ ದನಿ ಲೌಡ್‌ಸ್ಪೀಕರಿನಿಂದ ನೇರವಾಗಿ ಅಡುಗೆಮನೆಗೇ ಬರುತ್ತಿತ್ತು. ಇಂಡಿ, ಝಳಕಿ ಕಡೆ ಹೋಗುವವರು ಲಗೂನೆ ಬಸ್ ಹತ್ತಿರಿ ಎಂದು ಅವರು ಹೇಳಿದರೆ ಇನ್ನು ಸ್ವಲ್ಪ ಹೊತ್ತಿಗೆ ಮನೆಗೆ ಬರುತ್ತಾರೆ ಎಂದರ್ಥ. ನಾನು ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದೆ.

ಊರಿಗೆಲ್ಲ ದಾರಿ ತೋರಿಸುವ ಮನುಷ್ಯ ಮನೆಯಲ್ಲಿ ತನ್ನ ಕನ್ನಡಕ ಎಲ್ಲಿದೆ ಎಂದು ನನ್ನನ್ನೇ ಕೇಳುತ್ತಿದ್ದರು. ಅದಕ್ಕೆ ನಾನು ನಗುತ್ತಿದ್ದೆ. ಆಗ ಅದು ನಗುವ ವಿಷಯವೇ ಆಗಿತ್ತು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ತೆಗೆದುಕೊಳ್ಳುವುದಿಲ್ಲ. ಕಲಿತವಳು, ಮಕ್ಕಳಿಗೆ ಪಾಠ ಹೇಳುವವಳು, ನನಗೇನು ಇದೆಲ್ಲ ಎಂದು ಯಾರಾದರೂ ಕೇಳಬಹುದು. ಆ ಹೆಸರು ನಾಲಿಗೆಗೆ ಬರುತ್ತಲೇ ಇರಲಿಲ್ಲ, ಅಷ್ಟೇ. "ರೀ" ಎಂದರೆ ಸಾಕಿತ್ತು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಗಂಡನ ಹೆಸರೇನು ಎಂದು ಕೇಳಿದರೆ ಅವರ ಕಡೆ ತಿರುಗಿ ನಿಲ್ಲುತ್ತಿದ್ದೆ. ಅವರು ಬೇಕೆಂದೇ ಸುಮ್ಮನಿದ್ದು, ನನ್ನ ಮುಖ ಕೆಂಪಾಗುವ ತನಕ ನೋಡಿ, ಆಮೇಲೆ ಹೇಳುತ್ತಿದ್ದರು.

ಹೆಂಡತಿ ಆ ಹೆಸರು ಹೇಳಬಹುದಾದ ಜಾಗ ಒಂದೇ, ಒಡಪಿನೊಳಗೆ. ಗಂಡನ ಹೆಸರನ್ನು ನಡುವೆ ಕೂಡಿಸಿ, ಪ್ರಾಸ ಹಚ್ಚಿ, ನಾಲ್ಕು ಜನರ ಮುಂದೆ ಹಾಡಿದಂತೆ ಹೇಳುವ ಮಾತು ಅದು. ಮದುವೆಯಾಗಿ ಬಸವನ ಬಾಗೇವಾಡಿಯಲ್ಲಿ ಅತ್ತೆಯ ಮನೆಗೆ ಹೋದಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತರು. ಒಡಪು ಹೇಳದ ಹೊರತು ಒಳಗೆ ಬಿಡುವುದಿಲ್ಲ ಎಂದರು. ಬಿಸಿಲಲ್ಲಿ ನನ್ನ ಕಾಲು ಸುಡುತ್ತಿದ್ದವು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕಟ್ಟಿಕೊಂಡು ಬಂದಿದ್ದೆನಲ್ಲ, ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಎರಿ ಹೊಲದಾಗ ಬಿಳಿಜ್ವಾಳದ ತೆನಿ,
ತೆನಿ ಮ್ಯಾಲ ಕುಂತೈತಿ ಮಂಜಿನ ಹನಿ,"

ಮೂರನೆಯ ಸಾಲಿನ ಮೊದಲಿಗೆ ಅವರ ಹೆಸರು. ಅದರ ಮುಂದೆ,

"ಅವರ ಕೈ ಹಿಡದು ಬಂದೇನಿ,
ತಗೀರಿ ಬಾಗಿಲ, ಇದು ನನ್ನ ಮನಿ."

ಇದು ನನ್ನ ಮನಿ ಎಂದದ್ದಕ್ಕೆ ನಾದಿನಿಯರು ಬಾಯಿ ಬಿಟ್ಟರು. ಬಂದಿನ್ನೂ ಹೊಸ್ತಿಲು ದಾಟಿಲ್ಲ, ಆಗಲೇ ಇವಳ ಮನೆಯಂತೆ ಎಂದು ಒಬ್ಬಾಕೆ ಅಂದಳು. ನಮ್ಮವರು ಹಿಂದೆ ನಿಂತು ನಗುತ್ತಿದ್ದರು. ಆಮೇಲೆ ಇಂಡಿಗೆ ವರ್ಗವಾಯಿತು, ಮುದ್ದೇಬಿಹಾಳಕ್ಕೆ ಆಯಿತು, ಸಿಂದಗಿಗೆ ಬಂದೆವು. ಪ್ರತಿ ಊರಿನಲ್ಲೂ ಬಾಡಿಗೆಮನೆಯ ಬಾಗಿಲು ತೆಗೆಯುವ ಮುಂಚೆ ಅವರು ಅಡ್ಡ ನಿಂತು "ಒಡಪ ಹೇಳು, ಇಲ್ಲಾಂದ್ರ ಒಳಗ ಬಿಡೂದಿಲ್ಲ" ಎನ್ನುತ್ತಿದ್ದರು. ಸಾಮಾನಿನ ಗಾಡಿಯವನು ನೋಡುತ್ತಾನೆಂದು ನಾನು ಸಿಡುಕುತ್ತಿದ್ದೆ. ಆದರೂ ಹೇಳುತ್ತಿದ್ದೆ.

ನಿವೃತ್ತಿಗೆ ಇನ್ನು ಸ್ವಲ್ಪ ಕಾಲ ಇದ್ದಾಗ ಒಂದು ಸಂಜೆ ಲೌಡ್‌ಸ್ಪೀಕರಿನಲ್ಲಿ ಅವರ ದನಿ ತಾಳಿಕೋಟಿ, ನಾಲತವಾಡ, ನಾರಾಯಣಪುರ ಎಂದು ಕೂಗತೊಡಗಿತು. ಅವೆಲ್ಲ ಮುದ್ದೇಬಿಹಾಳದ ಬಸ್ಸುಗಳು, ಅವರು ಅಲ್ಲಿ ಇದ್ದಾಗ ಹೇಳುತ್ತಿದ್ದವು. ಸಿಂದಗಿಯ ಜನ ಗಂಟುಮೂಟೆ ಹೊತ್ತು ಅತ್ತಿಂದಿತ್ತ ಓಡಾಡಿದರಂತೆ. ಮನೆಗೆ ಬಂದಾಗ "ಇವತ್ತೇನ್ರಿ ಹಂಗ ಕೂಗಿದ್ರಿ?" ಎಂದೆ. "ಹೆಂಗ?" ಎಂದರು. ಅವರ ಮುಖ ನೋಡಿದೆ. ಚೇಷ್ಟೆ ಇರಲಿಲ್ಲ.

ಮೈಕು ಬೇರೆಯವರ ಕೈಗೆ ಹೋಯಿತು. ನಿವೃತ್ತಿಯಾಗುವ ಹೊತ್ತಿಗೆ ಅವರು ಹೂವಿನ ಹಾರ ಹಾಕಿಸಿಕೊಂಡು ಇದು ಯಾರ ಮದುವೆ ಎಂದು ನನ್ನ ಕಿವಿಯಲ್ಲಿ ಕೇಳಿದರು. ವಿಜಾಪುರದ ಡಾಕ್ಟರು ತಪಾಸಣೆ ಮಾಡಿ, ಇದು ಮರೆವಿನ ಕಾಯಿಲೆ, ಹೆಚ್ಚಾಗುತ್ತದೆ, ಕಡಿಮೆಯಾಗುವುದಿಲ್ಲ, ಬಾಗಿಲು ಮಾತ್ರ ತೆರೆದಿಡಬೇಡಿ ಎಂದರು. ಅಷ್ಟು ದೂರ ಹೋಗಿ ನಾನು ತಂದ ಔಷಧ ಅದೊಂದೇ, ಬಾಗಿಲು ಮುಚ್ಚು ಎಂಬ ಮಾತು.

ಮುಚ್ಚದೆ ಗತಿಯೂ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಮೈಕು ಒಂದು ಸಲ ಗೊರ್ರೆಂದರೆ ಸಾಕು, ಇವರು ಎದ್ದು ಅಂಗಿ ಹಾಕಿಕೊಳ್ಳುತ್ತಿದ್ದರು.

"ಎಲ್ಲಿ ಹೊಂಟ್ರಿ?"

"ಡ್ಯೂಟಿ ಐತಿ."

"ರಜಾ ಐತ್ರಿ ಇವತ್ತ."

"ಹೌದೇನು?" ಎಂದು ಕುಳಿತುಕೊಳ್ಳುವರು. ಮುಂದಿನ ಬಸ್ಸಿಗೆ ಮತ್ತೆ ಅದೇ ಅಂಗಿ, ಅದೇ ಮಾತು. ಮನೆ ಬದಲಿಸು ಎಂದು ಎಲ್ಲರೂ ಹೇಳಿದರು. ಬದಲಿಸಬೇಕೆಂದು ಬೇರೆ ಓಣಿಯ ಮನೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಅಲ್ಲಿ ಅವರು ಮೂಲೆಯಲ್ಲಿ ನಿಂತು ಚಿಕ್ಕ ಮಗುವಿನಂತೆ ನಡುಗಿದರು. ಬಸ್ಸಿನ ಸಪ್ಪಳ ಇಲ್ಲದ ಕಡೆ ಅವರಿಗೆ ಉಸಿರಾಡಲು ಆಗುತ್ತಿರಲಿಲ್ಲ, ಬಸ್ಸಿನ ಸಪ್ಪಳ ಇರುವ ಕಡೆ ನನಗೆ. ಕೊನೆಗೆ ಹಳೆಯ ಮನೆಯಲ್ಲೇ ಉಳಿದೆವು.

ಶಾಲೆಗೆ ಹೋಗುವಾಗ ಹೊರಗಿನಿಂದ ಕೀಲಿ ಹಾಕಿ ಹೋಗುತ್ತಿದ್ದೆ. ತರಗತಿಯಲ್ಲಿ ಮಗ್ಗಿ ಹೇಳಿಸುವಾಗ ಮನಸ್ಸೆಲ್ಲ ಮನೆಯ ಒಲೆಯ ಮೇಲೆ. ಒಂದು ಮಧ್ಯಾಹ್ನ ಬಂದು ನೋಡಿದರೆ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಓಣಿಯ ಹೆಂಗಸರು ಹೊರಗೆ ನಿಂತು ಅಯ್ಯೋ ಪಾಪ ಎನ್ನುತ್ತಿದ್ದರು. ಪಾಪ ಎನ್ನುವವರಲ್ಲಿ ಒಬ್ಬರಾದರೂ ಒಂದು ಗಂಟೆ ಬಂದು ಕೂಡುತ್ತೇನೆ ಎಂದರೆ ಕೇಳಿ. ನೌಕರಿ ಬಿಟ್ಟೆ. ಅಂದಿನಿಂದ ಕೀಲಿ ಒಳಗಿನಿಂದ. ಕೀಲಿಕೈಯನ್ನು ಕರಿದಾರದಲ್ಲಿ ಪೋಣಿಸಿ ತಾಳಿಯ ಜೊತೆಗೇ ಕೊರಳಿಗೆ ಹಾಕಿಕೊಂಡೆ. ಬೇರೆ ಎಲ್ಲಿಟ್ಟರೂ ಅವರು ಹುಡುಕಿ ತೆಗೆಯುತ್ತಿದ್ದರು. ಕನ್ನಡಕ ಸಿಗದ ಮನುಷ್ಯನಿಗೆ ಕೀಲಿಕೈ ಮಾತ್ರ ಹೇಗೆ ಸಿಗುತ್ತಿತ್ತೋ ನನಗಿನ್ನೂ ತಿಳಿದಿಲ್ಲ.

ನಾನು ಒಳ್ಳೆಯವಳಾಗಿಯೇ ಇದ್ದೆ ಎಂದರೆ ಸುಳ್ಳಾಗುತ್ತದೆ. ಚೀರುತ್ತಿದ್ದೆ. ಪಾತ್ರೆ ಕುಕ್ಕುತ್ತಿದ್ದೆ. ಕೆಲವು ದಿನ ಬಚ್ಚಲಿನಲ್ಲಿ ಕುಳಿತು, ನೀರು ಕಾಯುತ್ತಿದೆ ಎಂಬ ನೆಪದಲ್ಲಿ ಸುಮ್ಮನೆ ಒಲೆ ನೋಡುತ್ತಿದ್ದೆ. ಹೊರಗಡೆ ಬಸ್ಸುಗಳು ನಿಡಗುಂದಿಗೆ, ಕಲಬುರ್ಗಿಗೆ, ಎಲ್ಲೆಲ್ಲಿಗೋ ಹೋಗುತ್ತಿದ್ದವು. ಯಾವುದಾದರೊಂದು ಹತ್ತಿ ಹೋಗಿಬಿಡಲೇ ಎಂದು ಅನ್ನಿಸಿದ್ದುಂಟು. ಆದರೆ ಒಂದು ವಿಷಯಕ್ಕೆ ನಾನು ಗಟ್ಟಿಯಾಗಿ ಜೋತುಬಿದ್ದಿದ್ದೆ. ಅವರು ಊರು ಮರೆತಿದ್ದರು, ಮಗಳ ಮುಖ ಮರೆತಿದ್ದರು, ಊಟ ಮಾಡಿದ್ದು ಮರೆಯುತ್ತಿದ್ದರು. ನನ್ನನ್ನು ಮರೆತಿರಲಿಲ್ಲ. "ಏ, ಎಲ್ಲಿ ಹೋದಿ? ಇಲ್ಲಿ ಬಾ" ಎಂದು ಕರೆಯುತ್ತಿದ್ದರು. ಆ ಕರೆ ಇರುವ ತನಕ ಈ ಮನೆಯಲ್ಲಿ ನಾನು ಹೆಂಡತಿ. ಅದೂ ಹೋದರೆ ನಾನು ಕೀಲಿ ಕಾಯುವವಳು. ಅದೇ ನನ್ನ ದೊಡ್ಡ ಹೆದರಿಕೆ.

ಇಂಡಿಗೆ ಕೊಟ್ಟ ಮಗಳು ಒಂದು ಸಲ ಬಂದಾಗ ಸಿನಿಮಾದ ಒಂದು ಸಿ.ಡಿ. ತಂದಳು. "ಅವ್ವಾ, ಇದು ಅಪ್ಪನಂಥವರದ ಕಥಿ, ನೋಡು, ನಿನಗ ಧೈರ್ಯ ಬರತೈತಿ" ಎಂದಳು. ಹಿಂದಿ ಸಿನಿಮಾ. ಅಪ್ಪ, ಮಗಳು, ನಾನು ಮೂವರೂ ಸಾಲಾಗಿ ಕುಳಿತೆವು. ಸಿನಿಮಾದಲ್ಲೂ ಗಂಡನಿಗೆ ಮರೆವಿನ ಕಾಯಿಲೆ. ಮನೆ ಸಮುದ್ರದ ದಂಡೆಯಲ್ಲಿ, ಗೋಡೆಗಿಂತ ಕಿಟಕಿಯೇ ಹೆಚ್ಚು. ಹೆಂಡತಿ ಗಂಜಿ ಹಾಕಿದ ಸೀರೆ ಉಟ್ಟು, ಒಂದು ಕೂದಲೂ ಅಲುಗದಂತೆ ಓಡಾಡುತ್ತಾಳೆ. ಆಕೆ ಒಮ್ಮೆಯೂ ಹಾಸಿಗೆ ಒಗೆಯುವುದಿಲ್ಲ. ಒಮ್ಮೆಯೂ ಬೈಯುವುದಿಲ್ಲ. ಅಷ್ಟು ದೊಡ್ಡ ಮನೆಗೆ ಒಂದು ಕೀಲಿ ಇಲ್ಲ! ಗಂಡನಿಗೋ, ಹಾಡು ಬಂದಾಗ ಎಲ್ಲ ನೆನಪಾಗುತ್ತದೆ, ಹಾಡು ಮುಗಿದ ಮೇಲೆ ಮರೆತುಹೋಗುತ್ತದೆ. ನನಗೆ ಮೈ ಉರಿಯಿತು.

ನಮ್ಮವರು ಮಾತ್ರ ಲಕ್ಷ್ಯಗೊಟ್ಟು ನೋಡುತ್ತಿದ್ದರು. "ಪಾಪ, ಆ ಮನಷ್ಯಾಗ ಏನೋ ಆಗೇತಿ" ಎಂದರು. ಮಗಳು ಎದ್ದು ಅಡುಗೆಮನೆಗೆ ಹೋಗಿ ಅತ್ತಳು.

ಕೊನೆಗೆ ಆ ಗಂಡ ದಂಡೆಯ ಗುಂಟ ಜನರ ನಡುವೆ ಕಳೆದುಹೋಗುತ್ತಾನೆ. ಹೆಂಡತಿ ಹಿಂದೆ ಓಡುತ್ತಾಳೆ. ಒಂದು ಕಡೆ ನಿಂತು ಅವನ ಹೆಸರು ಹಿಡಿದು ಕೂಗುತ್ತಾಳೆ. ಎಷ್ಟು ಸಲೀಸಾಗಿ ಕೂಗುತ್ತಾಳೆ ಎಂದರೆ, ನಾನು ಕೂತಲ್ಲೇ ಸೆರಗು ಎಳೆದುಕೊಂಡೆ. ಅವನು ನಿಲ್ಲುತ್ತಾನೆ, ತಿರುಗುತ್ತಾನೆ, ಕಣ್ಣಲ್ಲಿ ನೀರು, ಅವಳ ಗುರುತು ಹಿಡಿದಿದ್ದಾನೆ. ಅಲ್ಲಿಗೆ ಮುಗಿಯಿತು. ಹಗಲೆಲ್ಲ ಆ ಸಿನಿಮಾವನ್ನು ಬೈದೆ. ಆದರೆ ಆ ಒಂದು ನೋಟ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಹೆಸರು ಹಿಡಿದು ಕೂಗಿದರೆ ಒಳಗೆಲ್ಲೋ ಮಲಗಿರುವ ಮನುಷ್ಯ ಎದ್ದು ಬರುತ್ತಾನೇನೋ. ನಾಳೆ ನನ್ನನ್ನೂ ಮರೆತರೆ ಆಗ ಆ ಹೆಸರು ಹೇಳಿ ಎಬ್ಬಿಸಿದರಾಯಿತು ಎಂದು ಆಸೆಯನ್ನು ಜೋಪಾನವಾಗಿ ಕಟ್ಟಿಟ್ಟುಕೊಂಡೆ.

ಕೆಲವು ತಿಂಗಳ ಮೇಲೆ, ಬೇಸಿಗೆಯ ಒಂದು ಮುಂಜಾನೆ ಓಣಿಯ ನಳಕ್ಕೆ ನೀರು ಬಂತು. ಸಿಂದಗಿಯ ಬೇಸಿಗೆಯಲ್ಲಿ ನೀರು ಬಂತೆಂದರೆ ಉಳಿದದ್ದೆಲ್ಲ ಮರೆತುಹೋಗುತ್ತದೆ. ಕೊಡ ಎತ್ತಿಕೊಂಡು ಓಡಿದೆ, ಹಿಂದೆ ಬಾಗಿಲು ತೆರೆದೇ ಇತ್ತು. ನಾನು ಹೊರಗೆ ಹೋಗುವಾಗ ಅವರು "ಏ, ಚಾ ಕೊಡು" ಎಂದಿದ್ದರು. ಬಂದು ಕೊಡ ಇಳಿಸಿ "ಚಾ ಇಡ್ತೇನ್ರಿ" ಎಂದೆ. ಮೂಲೆಯ ಗೂಟದಲ್ಲಿ ಅಂಗಿ ಇರಲಿಲ್ಲ.

ಬಸ್‌ಸ್ಟ್ಯಾಂಡಿಗೆ ಒದ್ದೆ ಸೀರೆಯಲ್ಲೇ ಓಡಿದೆ. ಲಗ್ನದ ಕಾಲ, ಕಾಲಿಡಲು ಜಾಗ ಇಲ್ಲ. ನಾಲ್ಕೈದು ಬಸ್ಸುಗಳು ಇಂಜಿನ್ ಚಾಲೂ ಮಾಡಿಕೊಂಡು ನಿಂತಿದ್ದವು. "ರೀ! ರೀ!" ಎಂದು ಕೂಗಿದೆ. ಕಂಡಕ್ಟರು ತಿರುಗಿದ, ಬಾಳೆಹಣ್ಣಿನವನು ತಿರುಗಿದ, ಹತ್ತಾರು ಗಂಡಸರು ತಿರುಗಿದರು. ಅಲ್ಲಿ ಎಲ್ಲರೂ ರೀ ತಾನೇ. ಬೇಕಾದವರೊಬ್ಬರು ತಿರುಗಲಿಲ್ಲ. ಯಾವುದೋ ಬಸ್ಸು ಹತ್ತಿ ಹೋದರೆ ಮುಗಿಯಿತು, ಎಲ್ಲಿ ಇಳಿಯಬೇಕೆಂದು ಅವರಿಗೆ ಹೇಳುವವರು ಯಾರು?

ಕಂಟ್ರೋಲರ್ ಕೋಣೆಗೆ ಹೋದೆ. ಹೊಸ ಮನುಷ್ಯ, ನಮ್ಮವರನ್ನು ನೋಡಿದವನಲ್ಲ.

"ನಮ್ಮ ಮನಿಯವರು ಕಳದಾರ್ರಿ. ಮೈಕಿನ್ಯಾಗ ಕರೀರಿ."

"ಹೆಸರೇನ್ರಿ ಅವರದು?"

ರೂಢಿಯಂತೆ ಪಕ್ಕಕ್ಕೆ ತಿರುಗಿದೆ. ಇಷ್ಟು ವರ್ಷ ನನ್ನ ಬದಲು ಆ ಹೆಸರು ಹೇಳುತ್ತಿದ್ದವರೇ ಕಳೆದುಹೋಗಿದ್ದರು.

"ಹೆಸರ ಹೇಳ್ರಿ ಅಕ್ಕಾರ, ಬಸ್ ಬಿಡ್ತಾವು."

ಆಗ ಸಮುದ್ರದ ದಂಡೆಯ ಆ ಹೆಂಗಸು ಕಣ್ಣ ಮುಂದೆ ಬಂದಳು. ನಾನು ಹೇಳಿದರೆ ತಿರುಗುತ್ತಾರೆ, ಬೇರೆಯವರು ಕೂಗಿದರೆ ತಿರುಗಲಿಕ್ಕಿಲ್ಲ ಎನ್ನಿಸಿತು. "ಇಲ್ಲಿ ಕೊಡ್ರಿ" ಎಂದು ಮೈಕು ಕೈಗೆ ತೆಗೆದುಕೊಂಡೆ. ಅವರು ಎಷ್ಟೋ ವರ್ಷ ಹಿಡಿದ ಮೈಕು, ಬುಡದಲ್ಲಿ ಬಣ್ಣ ಹೋಗಿತ್ತು. ಕಣ್ಣು ಮುಚ್ಚಿ ಅವರ ಹೆಸರು ಹೇಳಿದೆ. ಅಡ್ಡಹೆಸರನ್ನೂ ಕೂಡಿಸಿ, ಗಟ್ಟಿಯಾಗಿ, ಮತ್ತೆ ಮತ್ತೆ ಹೇಳಿದೆ. ಅದು ಬಸ್‌ಸ್ಟ್ಯಾಂಡಿನ ತುಂಬ ಮೊಳಗಿತು, ನಮ್ಮ ಖಾಲಿ ಅಡುಗೆಮನೆಗೂ ಹೋಗಿರಬೇಕು.

ಮುದ್ದೇಬಿಹಾಳದ ಬಸ್ಸಿನಿಂದ ಅವರು ಇಳಿದು ಬಂದರು. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದರು. ನೆಟ್ಟಗೆ ಕೋಣೆಯ ಕಿಟಕಿಗೆ ಬಂದು, ಮೇಲಧಿಕಾರಿ ಕರೆದಾಗ ನಿಲ್ಲುವಂತೆ ನಿಂತರು. ನನಗೆ ಅಳು, ನಗು ಒಟ್ಟಿಗೇ ಬಂದವು. ಸಿನಿಮಾದವರು ಸುಳ್ಳು ಹೇಳಿರಲಿಲ್ಲ ಎಂದುಕೊಂಡೆ.

"ಯಾರು ಕರದದ್ದು?" ಎಂದರು.

"ನಾನ್ರೀ."

ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿದರು. "ನೀವ್ಯಾರ್ರಿ?"

"ಅಯ್ಯ, ನಾನ್ರೀ, ನಿಮ್ಮ ಹೆಂಡತಿ."

"ಅಲ್ಲ ಬಿಡ್ರಿ" ಎಂದರು. ಸಿಟ್ಟಿನಿಂದಲ್ಲ, ತಪ್ಪು ಬಸ್ಸು ಹತ್ತಿದವರಿಗೆ ತಿಳಿಹೇಳುವ ತಾಳ್ಮೆಯಿಂದ. "ನಮ್ಮ ಮನಿಯಾಕಿ ನನ್ನ ಹೆಸರ ತಗೊಳ್ಳೂದಿಲ್ರಿ. ನೀವು ಬ್ಯಾರೆ ಯಾರೋ ಇರಬೇಕು."

ಅವತ್ತಿನಿಂದ ನಾನು ಬೇರೆ ಯಾರೋ ಆದೆ. ಮನೆಗೆ ಕರೆದುಕೊಂಡು ಬಂದೆ, ಹೆಸರು ಹಿಡಿದು ಕರೆದದ್ದಕ್ಕೆ ಗೌರವ ಕೊಟ್ಟು ಬಂದರು. ಚಹಾ ಕೊಟ್ಟರೆ ಎದ್ದು ನಿಂತು ತೆಗೆದುಕೊಂಡರು. ಡಾಕ್ಟರಿಗೆ ಫೋನ್ ಮಾಡಿ ಅತ್ತೆ. ಹೆಸರಿಗೂ ಇದಕ್ಕೂ ಸಂಬಂಧ ಇಲ್ಲಮ್ಮ, ಇವತ್ತಲ್ಲ ನಾಳೆ ಆಗುವುದೇ ಇತ್ತು ಎಂದರು. ಇರಬಹುದು. ಡಾಕ್ಟರು ಓದಿದವರು. ಆದರೆ ಕೊಡ ಎತ್ತಿಕೊಂಡು ಹೋಗುವಾಗ ಚಹಾ ಕೇಳಿದವರು ನನ್ನ ಗಂಡ, ಕೊಟ್ಟಾಗ ಕುಡಿದವರು ಯಾರೋ ಹಿರಿಯರು. ನಡುವೆ ನಾನು ಮಾಡಿದ್ದು ಆ ಒಂದೇ ಕೆಲಸ. ನಂಬಬೇಡ ಎಂದರೆ ಹೇಗೆ ನಂಬದಿರಲಿ?

ಓಣಿಯ ಮಕ್ಕಳು ಕಿಟಕಿಯಿಂದ "ಅಕ್ಕೋರ" ಎಂದು ಕೂಗುವುದನ್ನು ಕೇಳಿ ಅವರೂ ನನ್ನನ್ನು ಅಕ್ಕೋರ ಎನ್ನತೊಡಗಿದರು. ಬಲು ಮರ್ಯಾದೆ. "ಅಕ್ಕೋರ, ನಿಮಗ ತ್ರಾಸ ಆಗಾಕತ್ತೇತಿ. ನಮ್ಮಾಕಿ ಬಾಗೇವಾಡಿಗೆ ಹೋಗ್ಯಾಳ, ಬಂದ ಕೂಡಲೇ ನೀವು ಮನಿಗೆ ಹೋಗ್ರಿ." ಸ್ನಾನಕ್ಕೆ ಕರೆದರೆ ನಾಚಿ ಮುದುಡುತ್ತಿದ್ದರು. ಮಗಳು ತಿಂಗಳಿಗೊಮ್ಮೆ ಬಂದಾಗ ತಂದೆಯ ಹಟ, ನನ್ನ ಒರಟುತನ ಎರಡೂ ನೋಡಿ ಸುಸ್ತಾಗಿ ಹೋಗುತ್ತಿದ್ದಳು. ಒಳಗೆ ನಾವಿಬ್ಬರೇ, ನನ್ನ ಗಂಡ ಮತ್ತು ಅವರ ಹೆಂಡತಿಯ ದಾರಿ ಕಾಯುವ ಅಕ್ಕೋರು. ಆ ಹೆಂಡತಿಯ ಮೇಲೆ ನನಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಆಕೆ ಮಾಡುವ ಕಡಲೆಹಿಟ್ಟಿನ ಜುಣಕ ಚೆನ್ನಾಗಿರುತ್ತಿತ್ತಂತೆ. ಆಕೆ ಇಷ್ಟು ಚೀರುತ್ತಿರಲಿಲ್ಲವಂತೆ. ಎಲ್ಲಿ ಹೋದಳೋ ಪುಣ್ಯಾತಗಿತ್ತಿ, ನನ್ನನ್ನು ಇಲ್ಲಿ ಸಿಕ್ಕಿಸಿ!

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಯಿಪಲ್ಯದ ಗಾಡಿ ಬಾಗಿಲಿಗೇ ಬಂದು ನಿಂತಿತು. ನಾಲ್ಕೇ ಹೆಜ್ಜೆಯಲ್ಲವೇ ಎಂದು ಕೀಲಿ ತೆಗೆದು ಹೊರಗೆ ಹೋಗಿ ಬದನೆಕಾಯಿ ಆರಿಸುತ್ತಿದ್ದೆ. ಹಿಂದೆ ಚಿಲಕದ ಸಪ್ಪಳವಾಯಿತು. ಒಳಗಿನಿಂದ ಹಾಕಿಕೊಂಡಿದ್ದರು. ಬಾಗಿಲು ಬಡಿದೆ.

"ಯಾರದು?"

"ನಾನ್ರೀ, ಬಾಗಿಲ ತಗೀರಿ."

"ಮನ್ಯಾಗ ಹೆಣ್ಮಕ್ಕಳಿಲ್ರಿ. ನಮ್ಮಾಕಿ ಬಂದ ಮ್ಯಾಲ ಬರ್ರಿ."

ಒಲೆಯ ಮೇಲೆ ಹಾಲಿತ್ತು. ಹೆಸರು ಹಿಡಿದು ಕೂಗಿದೆ, ಬಾಗಿಲಿನಾಚೆಯಿಂದ "ಹೌದ್ರಿ, ನಾನ" ಎಂದರೇ ಹೊರತು ತೆಗೆಯಲಿಲ್ಲ. ಬೈದೆ. ಬೇಡಿಕೊಂಡೆ. ಗಾಡಿಯವನು ತಕ್ಕಡಿ ಹಿಡಿದು ನೋಡುತ್ತ ನಿಂತಿದ್ದ. ಇಷ್ಟು ದಿನ ಆ ಬಾಗಿಲು ಯಾವಾಗ ದಾಟಿ ಹೋದೇನೋ ಎಂದುಕೊಂಡವಳು, ಈಗ ಒಳಗೆ ಬಿಡಿರೆಂದು ಬಡಿಯುತ್ತಿದ್ದೆ. ಹಣೆ ಬಾಗಿಲಿಗೆ ಆನಿಸಿ ನಿಂತೆ. ಕಟ್ಟಿಗೆ ಬಿಸಿಲಿಗೆ ಬೆಚ್ಚಗಾಗಿತ್ತು. ಬಾಗೇವಾಡಿಯ ಹೊಸ್ತಿಲು ನೆನಪಾಯಿತು. ನಾಲಿಗೆ ತಾನಾಗಿಯೇ ಹೇಳತೊಡಗಿತು.

"ಎರಿ ಹೊಲದಾಗ ಬಿಳಿಜ್ವಾಳದ ತೆನಿ,
ತೆನಿ ಮ್ಯಾಲ ಕುಂತೈತಿ ಮಂಜಿನ ಹನಿ..."

ಒಳಗೆ ಸಪ್ಪಳ ನಿಂತಿತು. ಅವರ ಹೆಸರು ಹೇಳಿದೆ, ಎಲ್ಲಿ ಹೇಳಬೇಕೋ ಅಲ್ಲಿ, ಹೇಗೆ ಹೇಳಬೇಕೋ ಹಾಗೆ. ಕೈ ಹಿಡಿದು ಬಂದೇನಿ ಎಂದೆ. ಇದು ನನ್ನ ಮನಿ ಎಂದೆ.

ಚಿಲಕ ತೆಗೆದ ಸಪ್ಪಳ. ಬಾಗಿಲು ಪೂರ್ತಿ ತೆರೆಯಿತು. ಅವರ ಮುಖ ನೋಡಿದೆ, ಎಷ್ಟೋ ತಿಂಗಳಿಂದ ನಾನು ಕಾಣದ ಮುಖ. ನಗು ಕಣ್ಣಿನ ತನಕ ಬಂದಿತ್ತು. ಬಾಗಿಲಿಗೆ ಅಡ್ಡ ನಿಂತು ಚೇಷ್ಟೆ ಮಾಡುತ್ತಿದ್ದ ಆ ಮನುಷ್ಯನೇ. ನಾನು ಕೈ ಚಾಚಿದೆ.

ಅವರು ನನ್ನನ್ನು ಮೆಲ್ಲಗೆ ಬದಿಗೆ ಸರಿಸಿ ಹೊಸ್ತಿಲಿಗೆ ಬಂದರು. ಓಣಿಯ ಈ ತುದಿ ನೋಡಿದರು, ಆ ತುದಿ ನೋಡಿದರು.

"ಅಕ್ಕೋರ, ಈಗ ನಮ್ಮಾಕಿ ದನಿ ಕೇಳಿಸ್ತು" ಎಂದರು. "ಎಲ್ಲಿ ಅದಾಳ ಆಕಿ?"

ಗಾಡಿಯವನು ತಲೆ ತಗ್ಗಿಸಿದ. ಒಳಗೆ ಹಾಲು ಉಕ್ಕಿ ಸುಟ್ಟ ವಾಸನೆ ಬರುತ್ತಿತ್ತು.

"ಬರಾಕತ್ಯಾಳ್ರೀ" ಎಂದೆ. "ಒಳಗ ಕುಂಡ್ರೂಣು ಬರ್ರಿ."

ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಕೊರಳಿನ ಕೀಲಿಕೈ ತೆಗೆದು ಒಳಗಿನಿಂದ ಕೀಲಿ ಹಾಕಿದೆ.